ಬೆಟ್ಟದ ಹೊಳೆದಂಡೆಯ ಕಟ್ಟಡಗಳು ಮತ್ತು ಪ್ರವಾಹ: ಪದೇ ಪದೇ ಕೇಳುವ ಪ್ರಶ್ನೆಗಳು

ಹಿಮಾಲಯದ ಯಾತ್ರೆಗೆ ಹೋಗುವವರು, ಕೊಡಗು ಮಲೆನಾಡುಗಳಲ್ಲಿ ಹೊಳೆಯ ಪಕ್ಕ ಮನೆ ಇರುವವರು, ಅಲ್ಲಿ ಜಾಗ ಕೊಂಡು ಹೋಂಸ್ಟೇ ಕಟ್ಟಬೇಕೆಂದಿರುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಹೆಚ್ಚಿನ ಉದಾಹರಣೆಗಳು ಉತ್ತರಾಖಂಡ ಮತ್ತು ಹಿಮಾಚಲ ಪ್ರದೇಶದವು. ಅಲ್ಲಿ ನಡೆದದ್ದನ್ನು ನೋಡಿದರೆ ನಮ್ಮ ಹೊಳೆಗಳ ಸ್ವಭಾವವೂ ಅರ್ಥವಾಗುತ್ತದೆ.

ಬಯಲುಸೀಮೆಯ ನೆರೆಗೂ ಬೆಟ್ಟದ ಪ್ರವಾಹಕ್ಕೂ ಏನು ವ್ಯತ್ಯಾಸ?

ಬಯಲಿನ ನದಿ ಉಕ್ಕಿದಾಗ ನೀರು ಊರಿಗೆ ನುಗ್ಗಿ ನಿಲ್ಲುತ್ತದೆ. ಗೋಡೆ ನೆನೆಯುತ್ತದೆ, ದವಸ ಕೊಳೆಯುತ್ತದೆ, ಮಣ್ಣಿನ ಮನೆ ಕುಸಿಯುತ್ತದೆ. ಆದರೆ ನೀರು ಇಳಿದಾಗ ಮನೆಯ ಜಾಗ ಇದ್ದಲ್ಲೇ ಇರುತ್ತದೆ. ಬೆಟ್ಟದಲ್ಲಿ ಹಾಗಲ್ಲ. ಅಲ್ಲಿ ನೀರು ನಿಲ್ಲುವುದೇ ಇಲ್ಲ. ಇಳಿಜಾರಿನಲ್ಲಿ ಬಂಡೆ, ಮರ, ಕೆಸರನ್ನು ಹೊತ್ತು ಓಡುತ್ತದೆ. ಬೆಟ್ಟದ ನದಿ ಮನೆಯನ್ನು ಮುಳುಗಿಸುವುದಕ್ಕಿಂತ ಹೆಚ್ಚಾಗಿ ಮನೆಯ ಅಡಿಯ ನೆಲವನ್ನೇ ಕಿತ್ತುಕೊಂಡು ಹೋಗುತ್ತದೆ. ಈ ಪುಟದ ಉಳಿದ ಎಲ್ಲ ಉತ್ತರಗಳೂ ಈ ಒಂದು ಮಾತಿನ ಸುತ್ತಲೇ ಇವೆ.

ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಅದು ಉರುಳಿಸಬಲ್ಲ ಕಲ್ಲಿನ ತೂಕವಂತೂ ಸುಮಾರು ಅರವತ್ತನಾಲ್ಕು ಪಟ್ಟಾಗುತ್ತದೆ ಎಂಬುದು ಜಲಶಾಸ್ತ್ರದ ಹಳೆಯ ಲೆಕ್ಕ. ಬೇಸಿಗೆಯಲ್ಲಿ ಮಕ್ಕಳು ಕಾಲಾಡಿಸುತ್ತಿದ್ದ ತೊರೆ ಆಷಾಢದಲ್ಲಿ ಲಾರಿಯಷ್ಟು ದೊಡ್ಡ ಬಂಡೆಯನ್ನು ಉರುಳಿಸಿಕೊಂಡು ಬರುವುದು ಹೀಗೆ.

ಪಿಲ್ಲರ್ ಹಾಕಿ ಕಟ್ಟಿದ ನಾಲ್ಕು ಮಹಡಿಯ ಕಟ್ಟಡ ಇಡಿಯಾಗಿ ನದಿಗೆ ಉರುಳುವುದು ಹೇಗೆ?

2023ರ ಜುಲೈ 9 ಮತ್ತು 10ರಂದು ಬಿಯಾಸ್ ನದಿ ಉಕ್ಕಿದಾಗ ಕುಲ್ಲು, ಮನಾಲಿ ಕಡೆಯಿಂದ ಬಂದ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ದಂಡೆಯ ಕಟ್ಟಡ ಬಿರುಕು ಕೂಡ ಬಿಡದೆ ನಿಧಾನವಾಗಿ ನದಿಯ ಕಡೆಗೆ ವಾಲುತ್ತದೆ, ಆಮೇಲೆ ಪೆಟ್ಟಿಗೆಯಂತೆ ಮಗುಚಿಕೊಳ್ಳುತ್ತದೆ. ಕಾಂಕ್ರೀಟ್ ಕೆಟ್ಟದ್ದಾಗಿತ್ತು ಎಂದು ಅನೇಕರು ಹೇಳಿದರು. ಒಂದು ಕಟ್ಟಡ ಇಡಿಯಾಗಿ ಮಗುಚುತ್ತದೆ ಎಂದರೆ ಅದರ ಕಾಂಕ್ರೀಟ್ ಚೆನ್ನಾಗಿಯೇ ಇತ್ತು ಎಂದರ್ಥ. ಕೆಟ್ಟದ್ದು ಅದು ನಿಂತ ಜಾಗ.

ನದಿ ದಂಡೆಯನ್ನು ಮೇಲಿನಿಂದ ಕೊರೆಯುವುದಿಲ್ಲ, ಬುಡದಿಂದ ಕೊರೆಯುತ್ತದೆ. ಕಣ್ಣಿಗೆ ಕಾಣದಂತೆ ಮರಳು, ಸಣ್ಣ ಕಲ್ಲು ಮೊದಲು ಹೋಗುತ್ತವೆ. ಅವುಗಳ ನಡುವೆ ಸಿಕ್ಕಿಕೊಂಡಿದ್ದ ದೊಡ್ಡ ಕಲ್ಲು ಸಡಿಲವಾಗುತ್ತದೆ. ತಳಪಾಯದ ಕೆಳಗೆ ಗುಹೆಯಂತೆ ಪೊಳ್ಳಾಗುತ್ತದೆ. ನದಿಯ ತಿರುವಿನಲ್ಲಿ ಹೊರಗಿನ ದಂಡೆಗೆ ಈ ಕೊರೆತ ಅತಿ ಹೆಚ್ಚು. ವಿಚಿತ್ರವೆಂದರೆ ಕಿಟಕಿಯಿಂದ ನದಿಯ ಚೆಂದದ ನೋಟ ಸಿಗುವುದೂ ಅದೇ ದಂಡೆಯಿಂದ.

ನಮ್ಮ ಜಾಗ ನೀರಿನಿಂದ ಹದಿನೈದು ಅಡಿ ಮೇಲಿದೆ. ಅಷ್ಟು ಸಾಲದೇ?

ಯಾವ ತಿಂಗಳಲ್ಲಿ ಅಳೆದಿರಿ ಎಂಬುದು ಮೊದಲ ಪ್ರಶ್ನೆ. ಎರಡನೆಯದು, ನದಿಯ ತಳ ಇದ್ದಲ್ಲೇ ಇರುತ್ತದೆ ಎಂಬ ನಂಬಿಕೆಯೇ ತಪ್ಪು. 2023ರ ಅಕ್ಟೋಬರ್ 4ರ ನಸುಕಿನಲ್ಲಿ ಸಿಕ್ಕಿಂನ ದಕ್ಷಿಣ ಲೊನಾಕ್ ಹಿಮನದಿ ಸರೋವರ ಒಡೆಯಿತು. ಚುಂಗ್‌ಥಾಂಗ್‌ನ ತೀಸ್ತಾ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋದ ಆ ಪ್ರವಾಹ ಕೆಳಗಿನ ನದಿಪಾತ್ರದಲ್ಲಿ ಭಾರೀ ಹೂಳನ್ನು ಬಿಟ್ಟುಹೋಯಿತು. ಮುಂದಿನ ವರ್ಷದ ಮಳೆಗಾಲದಲ್ಲಿ ಸಿಕ್ಕಿಂನ ಕೆಳಗೆ ಪಶ್ಚಿಮ ಬಂಗಾಳದಲ್ಲಿರುವ ತೀಸ್ತಾ ಬಜಾರಿನ ಮನೆ ರಸ್ತೆಗಳಿಗೆ ನೀರು ನುಗ್ಗಿದ್ದು ಆ ಹೂಳಿನಿಂದ ನದಿಯ ತಳ ಮೇಲೆದ್ದಿದ್ದರಿಂದಲೇ. ನಿಮ್ಮ ಹದಿನೈದು ಅಡಿ ಒಂದೇ ರಾತ್ರಿಯಲ್ಲಿ ಐದು ಅಡಿಯಾಗಬಹುದು.

ಧರಾಲಿಯಲ್ಲಿ ಅಷ್ಟೊಂದು ಕಟ್ಟಡಗಳು ಕ್ಷಣಾರ್ಧದಲ್ಲಿ ಹೋದದ್ದೇಕೆ?

2025ರ ಆಗಸ್ಟ್ 5ರ ಮಧ್ಯಾಹ್ನ. ಗಂಗೋತ್ರಿಯ ದಾರಿಯಲ್ಲಿ, ಉತ್ತರಕಾಶಿ ಜಿಲ್ಲೆಯ ಧರಾಲಿಯಲ್ಲಿ, ಭಾಗೀರಥಿಯನ್ನು ಸೇರುವ ಖೀರ್ ಗಂಗಾ ಎಂಬ ಹಳ್ಳ ಕೆಸರು ಬಂಡೆಗಳ ಗೋಡೆಯಂತೆ ಇಳಿದು ಬಂದಿತು. ಹೋಟೆಲುಗಳು, ಹೋಂಸ್ಟೇಗಳು, ಅಂಗಡಿಗಳು, ಸೇಬಿನ ತೋಟಗಳು ಹೂಳಿನ ಅಡಿ ಸೇರಿದವು.

ಈ ಪ್ರಶ್ನೆಗೆ ಉತ್ತರ ಊರಿನ ನೆಲದಲ್ಲೇ ಇದೆ. ಕಡಿದಾದ ಹಳ್ಳವೊಂದು ದೊಡ್ಡ ನದಿಗೆ ಇಳಿಯುವ ಜಾಗದಲ್ಲಿ ಇಳಿಜಾರು ತಟ್ಟನೆ ಕಡಿಮೆಯಾಗುತ್ತದೆ. ಹಳ್ಳ ತಾನು ಹೊತ್ತು ತಂದ ಕಲ್ಲುಮಣ್ಣನ್ನು ಅಲ್ಲಿ ಬೀಸಣಿಗೆಯ ಆಕಾರದಲ್ಲಿ ಹರಡುತ್ತದೆ. ಬೆಟ್ಟದ ನಡುವೆ ಸಪಾಟಾದ, ಫಲವತ್ತಾದ, ರಸ್ತೆಗೆ ಹತ್ತಿರದ ಜಾಗ ಎಂದರೆ ಹೆಚ್ಚಾಗಿ ಇದೇ. ಆ ಬೀಸಣಿಗೆಯನ್ನು ಮಾಡಿದ್ದು ಹಳ್ಳ. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹರಿಯುತ್ತ ಅದು ಇಡೀ ಬೀಸಣಿಗೆಯನ್ನು ಬಳಸುತ್ತದೆ. ಧರಾಲಿಯ ಮಾರುಕಟ್ಟೆ ನಿಂತದ್ದು ಅದರ ಮೇಲೆ.

ಆ ದಿನ ಎಲ್ಲರೂ ನೋಡಿದ ವಿಡಿಯೊಗಳು ಎದುರು ದಂಡೆಯ ಮುಖ್ಬಾ ಊರಿನಿಂದ ತೆಗೆದವು. ಕೆಳಗಿದ್ದವರನ್ನು ಎಚ್ಚರಿಸಲು ಜನ ಸಿಳ್ಳೆ ಹಾಕುತ್ತ ಕೂಗುವುದು ಅವುಗಳಲ್ಲಿ ಕೇಳುತ್ತದೆ. ಚಳಿಗಾಲದಲ್ಲಿ ಗಂಗೋತ್ರಿಯ ದೇವಿಯ ಮೂರ್ತಿಯನ್ನು ತಂದಿಡುವ ಹಳೆಯ ಊರು ಮುಖ್ಬಾ. ಅದು ಇರುವುದು ನದಿಯಿಂದ ಬಹಳ ಎತ್ತರದ ಇಳಿಜಾರಿನಲ್ಲಿ. ಆ ಎತ್ತರದಿಂದಲೇ ಅವರಿಗೆ ಎಲ್ಲವೂ ಕಂಡಿತು, ಆ ಎತ್ತರದಿಂದಲೇ ಅವರು ಉಳಿದರು. ಆ ಸಿಳ್ಳೆಯ ಸದ್ದನ್ನು ನನಗೆ ಮರೆಯಲಾಗಿಲ್ಲ.

ಹಳೆಯ ದೇವಸ್ಥಾನಗಳು ಉಳಿದು ಹೊಸ ಕಟ್ಟಡಗಳು ಹೋದವು. ಹಳೆಯ ಕಟ್ಟುವ ವಿಧಾನವೇ ಗಟ್ಟಿಯೇ?

ಅರ್ಧ ನಿಜ. ಹಿಮಾಚಲದ ಮಂಡಿಯಲ್ಲಿ ಬಿಯಾಸ್ ಮತ್ತು ಸುಕೇತಿ ನದಿಗಳ ಸಂಗಮದಲ್ಲಿರುವ ಪಂಚವಕ್ತ್ರ ದೇವಾಲಯ 2023ರ ಪ್ರವಾಹದಲ್ಲಿ ನೀರಿನ ನಡುವೆ ಮುಳುಗಿ ನಿಂತಿತು, ನೀರು ಇಳಿದಾಗ ಹಾಗೆಯೇ ಇತ್ತು. ಭಾರವಾದ ಕಲ್ಲು, ಗಟ್ಟಿ ಜಗತಿ, ಕಡಿಮೆ ಕಿಟಕಿ ಬಾಗಿಲು ಇದಕ್ಕೆ ನೆರವಾಗುತ್ತವೆ.

ಕೇದಾರನಾಥದ ಕಥೆ ಬೇರೆ. 2013ರ ಜೂನ್ 17ರ ಬೆಳಗ್ಗೆ ಮೇಲಿನ ಚೋರಾಬಾರಿ ಸರೋವರ ಒಡೆದು ಬಂದ ಪ್ರವಾಹದಲ್ಲಿ ದೇವಸ್ಥಾನದ ಹಿಂದೆ ದೊಡ್ಡ ಬಂಡೆಯೊಂದು ಬಂದು ನಿಂತು ನೀರನ್ನು ಎರಡಾಗಿ ಸೀಳಿತು. ಭಕ್ತರು ಅದನ್ನು ಭೀಮಶಿಲೆ ಎಂದು ಪೂಜಿಸುತ್ತಾರೆ. ಆ ಭಕ್ತಿಗೆ ನಾನೂ ಕೈಮುಗಿಯುತ್ತೇನೆ. ಆದರೆ ಇನ್ನೊಂದು ಸಂಗತಿಯನ್ನೂ ನೋಡಬೇಕು. 1880ರ ದಶಕದ ಛಾಯಾಚಿತ್ರವೊಂದರಲ್ಲಿ ಕೇದಾರನಾಥ ದೇವಸ್ಥಾನ ಬಯಲಿನ ನಡುವೆ ಹೆಚ್ಚುಕಡಿಮೆ ಒಂಟಿಯಾಗಿ ನಿಂತಿದೆ. ಆಮೇಲೆ ಅದರ ಸುತ್ತ ಪಟ್ಟಣ ಬೆಳೆಯಿತು. ದೇವಸ್ಥಾನದ ಪೂರ್ವಕ್ಕೆ ಸರಸ್ವತಿ ಎಂದು ಕರೆಯುವ ಹಳೆಯ ನದಿಪಾತ್ರವೊಂದು ನೀರಿಲ್ಲದೆ ಬಿದ್ದಿತ್ತು. ಜನ ಅಲ್ಲಿಗೂ ಕಟ್ಟಡಗಳನ್ನು ತಂದರು. 2013ರಲ್ಲಿ ನದಿ ಆ ದಾರಿಯನ್ನು ಮತ್ತೆ ಹಿಡಿಯಿತು. ಕೆಳಗಿನ ರಾಂಬಾಡಾ ಎಂಬ ತಂಗುದಾಣವಂತೂ ಗುರುತೇ ಇಲ್ಲದಂತೆ ಅಳಿಸಿಹೋಯಿತು. ಆ ಜೂನ್‌ನಲ್ಲಿ ಉತ್ತರಾಖಂಡದಲ್ಲಿ ತೀರಿಕೊಂಡವರು ಮತ್ತು ಕಾಣೆಯಾದವರು ಐದು ಸಾವಿರಕ್ಕೂ ಹೆಚ್ಚು. ದೇಶದ ಮೂಲೆಮೂಲೆಯಿಂದ ಹೋದ ಯಾತ್ರಿಕರು ಅವರಲ್ಲಿದ್ದರು.

ಹಿಮಾಚಲದ ಕಾಠ್‌ಕುಣಿ ಮನೆಗಳನ್ನೂ ಜನ ಹೊಗಳುತ್ತಾರೆ. ಮರದ ತೊಲೆ ಮತ್ತು ಕಲ್ಲನ್ನು ಪದರಪದರವಾಗಿ ಪೇರಿಸಿದ ಗೋಡೆ ಭೂಕಂಪಕ್ಕೆ ಚೆನ್ನಾಗಿ ತಡೆದುಕೊಳ್ಳುತ್ತದೆ. ಆದರೆ ಪ್ರವಾಹದಿಂದ ಅವು ಪಾರಾದದ್ದು ಗೋಡೆಯ ಬಲದಿಂದಲ್ಲ. ಹಳಬರು ಮನೆಯನ್ನು ಮೇಲೆ ಕಟ್ಟಿ, ನದಿಯ ಬಳಿ ಗದ್ದೆ ಮತ್ತು ನೀರಿನ ಗಿರಣಿಯನ್ನಷ್ಟೇ ಇಟ್ಟುಕೊಂಡರು. ರಸ್ತೆ ಕೆಳಗೆ ಬಂದಾಗ ಮಕ್ಕಳು ಮೊಮ್ಮಕ್ಕಳು ರಸ್ತೆಯನ್ನು ಹಿಂಬಾಲಿಸಿ ಇಳಿದು ಬಂದರು.

ಮಳೆ ಇಲ್ಲದಿದ್ದರೂ ಪ್ರವಾಹ ಬರುತ್ತದೆಯೇ?

ಬರುತ್ತದೆ. 2021ರ ಫೆಬ್ರವರಿ 7ರಂದು ಚಮೋಲಿ ಜಿಲ್ಲೆಯಲ್ಲಿ ಬಿಸಿಲಿತ್ತು. ರೊಂಟಿ ಶಿಖರದಿಂದ ಬಂಡೆ ಮತ್ತು ಹಿಮದ ಭಾರೀ ತುಂಡು ಕಳಚಿ ಬಿದ್ದು, ಋಷಿಗಂಗಾ ಮತ್ತು ಧೌಲಿಗಂಗಾ ಕಣಿವೆಗಳಲ್ಲಿ ಕೆಸರಿನ ಪ್ರವಾಹವಾಯಿತು. ಎರಡು ಜಲವಿದ್ಯುತ್ ಯೋಜನೆಗಳು ಧ್ವಂಸವಾದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು.

ಮಳೆಗಾಲದಲ್ಲೂ ಮಳೆನೀರಿನದಲ್ಲದ ಅಲೆ ಏಳಬಹುದು; ಅದನ್ನು ನೋಡಲು ಅಷ್ಟು ದೂರ ಹೋಗಬೇಕಿಲ್ಲ. 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿಯ ಮೇಲಿನ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಆ ಮಣ್ಣು ಗಂಗಾವಳಿ ನದಿಗೆ ಬಿದ್ದ ರಭಸಕ್ಕೆ ನೀರು ಅಲೆಯಾಗಿ ಎದ್ದು ಎದುರು ದಂಡೆಯ ಉಳುವರೆಯ ಮನೆಗಳನ್ನು ಬಡಿದು ಹಾಕಿತು. ಗುಡ್ಡ ಒಂದು ದಂಡೆಯದು, ಮನೆ ಹೋದದ್ದು ಇನ್ನೊಂದು ದಂಡೆಯಲ್ಲಿ. ಆದ್ದರಿಂದ ಕಣಿವೆಯಲ್ಲಿ ಜಾಗ ನೋಡುವಾಗ ಎದುರು ಗುಡ್ಡವನ್ನೂ ನೋಡಬೇಕು.

ಮುನ್ನೆಚ್ಚರಿಕೆ ಸಿಕ್ಕರೆ ಕಟ್ಟಡವನ್ನು ಉಳಿಸಬಹುದೇ?

ಜನರನ್ನು ಉಳಿಸಬಹುದು. ಕಟ್ಟಡವನ್ನು ಸಾಮಾನ್ಯವಾಗಿ ಆಗುವುದಿಲ್ಲ. ಇದಕ್ಕೆ ಉತ್ತರಾಖಂಡದ ಗಢವಾಲದಲ್ಲಿರುವ ಶ್ರೀನಗರಕ್ಕಿಂತ (ಕಾಶ್ಮೀರದ್ದಲ್ಲ) ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1893ರಲ್ಲಿ ಅಲಕನಂದೆಯ ಉಪನದಿ ಬಿರಹಿ ಗಂಗೆಗೆ ಅಡ್ಡಲಾಗಿ ಗುಡ್ಡ ಕುಸಿದು ಗೋಹ್ನಾ ಎಂಬಲ್ಲಿ ದೊಡ್ಡ ಸರೋವರವೇ ಆಯಿತು. ಅದು ತುಂಬಿ ಒಡೆಯುವುದು ಖಚಿತವೆಂದು ಆಗಿನ ಎಂಜಿನಿಯರುಗಳು ಲೆಕ್ಕ ಹಾಕಿದರು. ಕಣಿವೆಯುದ್ದಕ್ಕೂ ತಂತಿ ಸಂಪರ್ಕ ಎಳೆದರು, ಎಷ್ಟು ಎತ್ತರದವರೆಗೆ ಜನ ಮೇಲೆ ಹೋಗಬೇಕೆಂದು ಗುರುತು ಹಾಕಿದರು. 1894ರ ಆಗಸ್ಟ್ ಕೊನೆಯಲ್ಲಿ ಸರೋವರ ಒಡೆದಾಗ ಶ್ರೀನಗರ ಪಟ್ಟಣ ಕೊಚ್ಚಿಹೋಯಿತು. ಆದರೆ ಇಡೀ ಕಣಿವೆಯಲ್ಲಿ ಸತ್ತವರು ಐದೇ ಜನ. ನೂರಮೂವತ್ತು ವರ್ಷಗಳ ಹಿಂದೆ, ಮೊಬೈಲ್ ಇಲ್ಲದ ಕಾಲದಲ್ಲಿ ಇದು ಸಾಧ್ಯವಾಗಿತ್ತು ಎಂಬುದನ್ನು ನೆನೆದರೆ ಇಂದಿನ ಸಾವುಗಳ ಬಗ್ಗೆ ಸಂಕಟವಾಗುತ್ತದೆ.

ಶ್ರೀನಗರವನ್ನು ಹೊಸದಾಗಿ ಕಟ್ಟಿದರು. 2013ರಲ್ಲಿ ಅಲಕನಂದೆ ಮತ್ತೆ ಬಂದಿತು. ತಗ್ಗಿನ ಬಡಾವಣೆಗಳ ಮನೆಗಳಲ್ಲಿ ಹೂಳು ತುಂಬಿತು. ಅದು ಬರೀ ನದಿಯ ಹೂಳಾಗಿರಲಿಲ್ಲ. ಮೇಲಿನ ಜಲವಿದ್ಯುತ್ ಯೋಜನೆಗಾಗಿ ಅಗೆದು ದಂಡೆಯಲ್ಲಿ ಸುರಿದಿದ್ದ ಮಣ್ಣೂ ಅದರಲ್ಲಿತ್ತು. ನಿವಾಸಿಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. 2016ರಲ್ಲಿ ಕಂಪನಿ 9.26 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶವಾಯಿತು. ದಂಡೆಯಲ್ಲಿ ಸುರಿದ ಮಣ್ಣಿಗೆ ಒಬ್ಬ ಹೊಣೆಗಾರ ಇದ್ದಾನೆ ಎಂದು ಹೇಳಿದ ಈ ತೀರ್ಪನ್ನು ನದಿದಂಡೆಯ ಪ್ರತಿಯೊಬ್ಬ ಮನೆಯವನೂ ತಿಳಿದಿರಬೇಕು.

ಹೊಳೆಯ ಕಡೆಗೆ ಭದ್ರವಾದ ತಡೆಗೋಡೆ ಕಟ್ಟಿದರೆ?

ಸಣ್ಣ ಹೊಳೆಗೆ, ನಿಧಾನವಾದ ಕೊರೆತಕ್ಕೆ ಉಪಯೋಗವಿದೆ. ಆದರೆ ಗೋಡೆಯ ಬುಡ ನದಿ ಕೊರೆಯುವ ಆಳಕ್ಕಿಂತ ಕೆಳಗೆ, ಸಾಧ್ಯವಾದರೆ ಬಂಡೆಯವರೆಗೆ ಹೋಗಿರಬೇಕು. ಕಣ್ಣಿಗೆ ಕಾಣುವ ಎತ್ತರಕ್ಕೆ ಹಣ ಸುರಿದು ಕಾಣದ ಆಳಕ್ಕೆ ಕೈ ಬಿಗಿ ಮಾಡುವವರೇ ಹೆಚ್ಚು. ಗೋಡೆಯ ಹಿಂದಿನ ನೀರು ಹೊರಬರಲು ತೂತುಗಳಿರಬೇಕು, ಇಲ್ಲದಿದ್ದರೆ ನೆನೆದ ಮಣ್ಣೇ ಗೋಡೆಯನ್ನು ನದಿಗೆ ತಳ್ಳುತ್ತದೆ. ತಂತಿಬುಟ್ಟಿಯಲ್ಲಿ ಕಲ್ಲು ತುಂಬಿ ಜೋಡಿಸಿದ ಗೋಡೆ ಸ್ವಲ್ಪ ಬಾಗಿಕೊಂಡು ತಾಳುತ್ತದೆ, ನೀರನ್ನೂ ಬಿಡುತ್ತದೆ; ಉರುಳುವ ಬಂಡೆಗಳು ತಂತಿಯನ್ನು ಹರಿದರೆ ಅದೂ ಮುಗಿಯಿತು.

ಇನ್ನೊಂದು ಮಾತು. ನೀವು ಹೊಳೆಯೊಳಕ್ಕೆ ಹತ್ತು ಅಡಿ ಮುಂದೆ ಬಂದು ಗೋಡೆ ಕಟ್ಟಿದರೆ ನೀರು ಎದುರು ದಂಡೆಯವನ ಮನೆಗೆ ಹೋಗುತ್ತದೆ. ಅದು ನ್ಯಾಯವಲ್ಲ.

ನದಿಯಿಂದ ಎಷ್ಟು ದೂರದಲ್ಲಿ ಕಟ್ಟಬಹುದು?

ನಿಯಮ ರಾಜ್ಯದಿಂದ ರಾಜ್ಯಕ್ಕೆ, ನದಿಯಿಂದ ನದಿಗೆ ಬದಲಾಗುತ್ತದೆ. ಸ್ಥಳೀಯ ಯೋಜನಾ ಪ್ರಾಧಿಕಾರ ಮತ್ತು ಪಂಚಾಯಿತಿಯಲ್ಲಿ ಲಿಖಿತವಾಗಿ ಕೇಳಿ. ಗೋಮುಖದಿಂದ ಉತ್ತರಕಾಶಿಯವರೆಗಿನ ಭಾಗೀರಥಿ ಕಣಿವೆಯನ್ನು 2012ರಲ್ಲೇ ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಲಾಗಿತ್ತು. ಧರಾಲಿ ಇರುವುದು ಅದರೊಳಗೆ. ಹಾಗಾಗಿ ಅನುಮತಿ ಪತ್ರ ಸಿಕ್ಕಿತೆಂದು ನಿಶ್ಚಿಂತರಾಗಬೇಡಿ; ಅದಕ್ಕೂ ನದಿಗೂ ಸಂಬಂಧವಿಲ್ಲ.

ಜಾಗ ಕೊಳ್ಳುವ ಮುನ್ನ ಏನೇನು ನೋಡಬೇಕು?

ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡಿ. ದಲ್ಲಾಳಿಗಳು ಡಿಸೆಂಬರ್‌ನಲ್ಲಿ ಕರೆದೊಯ್ಯುತ್ತಾರೆ.

ಒಂದು ಗುಂಡಿ ತೋಡಿಸಿ. ಗುಂಡಗಿನ, ನುಣುಪಾದ ಕಲ್ಲುಗಳು ಮರಳಿನೊಂದಿಗೆ ಸಿಕ್ಕರೆ ಅಲ್ಲಿ ಹಿಂದೆ ನದಿ ಹರಿದಿದೆ. ಚೂಪು ಮೂಲೆಯ ದೊಡ್ಡ ಸಣ್ಣ ಕಲ್ಲುಗಳು ಕೆಸರಿನಲ್ಲಿ ಕಲಸಿಕೊಂಡಂತೆ ಸಿಕ್ಕರೆ ಹಳೆಯ ಭೂಕುಸಿತವೋ ಕೆಸರು ಪ್ರವಾಹವೋ ತಂದುಹಾಕಿದ್ದು. ಉತ್ತರಾಖಂಡದ ಜೋಶಿಮಠ ಪಟ್ಟಣ ನಿಂತಿರುವುದು ಇಂಥ ಹಳೆಯ ಭೂಕುಸಿತದ ರಾಶಿಯ ಮೇಲೆ ಎಂದು ಸರ್ಕಾರ ನೇಮಿಸಿದ್ದ ಮಿಶ್ರಾ ಸಮಿತಿ 1976ರಲ್ಲೇ ಬರೆದಿತ್ತು. ಬುಡವನ್ನು ನದಿ ಕೊರೆಯುತ್ತಿದೆ, ಬಂಡೆಗಳನ್ನು ಅಲುಗಾಡಿಸಬೇಡಿ ಎಂದೂ ಹೇಳಿತ್ತು. 2023ರ ಜನವರಿಯಲ್ಲಿ ಅಲ್ಲಿನ ನೂರಾರು ಮನೆಗಳು ಬಿರುಕು ಬಿಟ್ಟವು.

ಊರಿನ ಹಿರಿಯರನ್ನು ಕೇಳಿ. ಆ ಜಾಗದ ಹೆಸರನ್ನು ಕೇಳಿ. ಹಳ್ಳದ ಮೇಲ್ಭಾಗಕ್ಕೆ ಒಂದೆರಡು ಕಿಲೋಮೀಟರ್ ಹತ್ತಿ ನೋಡಿ. ಅಲ್ಲಿ ಹೊಸದಾಗಿ ಬರೆ ಕುಸಿದಿದೆಯೇ, ರಸ್ತೆಯ ಮಣ್ಣನ್ನು ಹಳ್ಳಕ್ಕೆ ಸುರಿದಿದ್ದಾರೆಯೇ, ಕಿರಿದಾದ ಮೋರಿ ಇದೆಯೇ ಎಂದು ಗಮನಿಸಿ. ಮರದ ದಿಮ್ಮಿಗಳು ಮೋರಿಗೆ ಸಿಕ್ಕಿಕೊಂಡರೆ ಅದು ಅಣೆಕಟ್ಟಾಗುತ್ತದೆ; ಆಮೇಲೆ ಒಡೆಯುತ್ತದೆ.

ಕೊಡಗಿನ ಹೊಳೆಗಳೂ ಹೀಗೆಯೇ?

ಕೊಡಗಿನಲ್ಲಿ ಎರಡೂ ಬಗೆ ಇದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮದೆನಾಡು ಕಡೆ ಆದದ್ದು ಬೆಟ್ಟದ ಬಗೆ: ಗುಡ್ಡ ಕರಗಿ ತೊರೆಯ ದಾರಿ ಹಿಡಿದು ಮನೆ ತೋಟಗಳನ್ನು ಒಯ್ದಿತು. ಸಿದ್ದಾಪುರದ ಬಳಿಯ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಗಳಲ್ಲಿ 2019ರಲ್ಲಿ ಆದದ್ದು ಬಯಲಿನ ಬಗೆ: ಕಾವೇರಿ ಉಕ್ಕಿ ನಿಂತಿತು, ದಂಡೆಯ ಕೂಲಿಕಾರರ ಮನೆಗಳು ನೆನೆದು ಕುಸಿದವು. ಈ ಎರಡನೆಯ ಬಗೆಯಲ್ಲಿ ಜಗಲಿ ಎತ್ತರಿಸುವುದು, ಮಣ್ಣಿನ ಗೋಡೆಯ ಬದಲು ಕಲ್ಲು ಅಥವಾ ಕಾಂಕ್ರೀಟ್ ಇಟ್ಟಿಗೆ ಬಳಸುವುದು ನಿಜಕ್ಕೂ ಫಲ ಕೊಡುತ್ತದೆ. ಮೊದಲ ಬಗೆಗೆ ಸ್ಥಳಾಂತರ ಬಿಟ್ಟು ಬೇರೆ ಮದ್ದಿಲ್ಲ. ದಂಡೆಯಲ್ಲಿ ಉಳಿದವರನ್ನು ಹಟಮಾರಿಗಳೆಂದು ಬೈಯುವವರು, ಅವರಿಗೆ ಬೇರೆಲ್ಲಿ ಹಿಡಿಮಣ್ಣು ಸಿಕ್ಕಿತ್ತು ಎಂದು ಯೋಚಿಸಬೇಕು.

ಆಗಲೇ ಕಟ್ಟಿಬಿಟ್ಟಿದ್ದೇವೆ. ಈಗೇನು ಮಾಡುವುದು?

ಮಲಗುವ ಕೋಣೆಗಳನ್ನು ಹೊಳೆಯ ಕಡೆಯಿಂದ ಗುಡ್ಡದ ಕಡೆಗಲ್ಲ, ಮೇಲಿನ ಮಹಡಿಗೆ ಸ್ಥಳಾಂತರಿಸಿ. ಹಿಂದೆ ಕಡಿದ ಬರೆ ಇದ್ದರೆ ಅದೂ ಅಪಾಯವೇ. ದಂಡೆಯ ಅಂಚಿನಲ್ಲಿ ಬಚ್ಚಲಿನ ನೀರು ಇಂಗಿಸಬೇಡಿ. ಪ್ರತಿ ಮಳೆಗಾಲದ ಮೊದಲು ಮತ್ತು ನಂತರ ಒಂದೇ ಜಾಗದಲ್ಲಿ ನಿಂತು ದಂಡೆಯ ಫೋಟೋ ತೆಗೆದಿಡಿ. ನಾಲ್ಕು ವರ್ಷದ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ತಜ್ಞರೂ ಬೇಕಾಗುವುದಿಲ್ಲ.

ಹೊರಡುವ ಗುರುತನ್ನು ಮೊದಲೇ ಮನೆಯವರೆಲ್ಲ ಗೊತ್ತುಮಾಡಿಕೊಳ್ಳಿ: ಇಂಥ ಬಂಡೆ ಮುಳುಗಿದರೆ ಹೊರಟೆವು ಎಂದು. ನೀರು ತಟ್ಟನೆ ಕೆಂಪಾದರೆ, ಮಣ್ಣಿನ ವಾಸನೆ ಬಂದರೆ, ಒಳಗಿನಿಂದ ಬಂಡೆಗಳು ಗುದ್ದಾಡುವ ಸದ್ದು ಕೇಳಿದರೆ ಕಾಯಬೇಡಿ. ಎಲ್ಲಕ್ಕಿಂತ ಕೆಟ್ಟ ಗುರುತು, ಜೋರು ಮಳೆಯಲ್ಲಿ ಹೊಳೆಯ ನೀರು ಇದ್ದಕ್ಕಿದ್ದಂತೆ ಕಡಿಮೆಯಾಗುವುದು. ಮೇಲೆಲ್ಲೋ ಕಟ್ಟಿಕೊಂಡಿದೆ. ನದಿಯುದ್ದಕ್ಕೂ ಕೆಳಗೆ ಓಡಬೇಡಿ. ಅಡ್ಡಲಾಗಿ ಎತ್ತರಕ್ಕೆ ಹತ್ತಿ.

ಯಾತ್ರೆಗೆ ಹೋದಾಗ ಹೊಳೆಬದಿಯ ಹೋಟೆಲಿನಲ್ಲಿ ತಂಗಬಹುದೇ?

ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಬೇಡ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಂತೂ ಎತ್ತರದ ಕೋಣೆಯನ್ನೇ ಹಿಡಿಯಿರಿ, ನೋಟ ಇಲ್ಲದಿದ್ದರೂ ಸರಿ.

ನೀರು ಇಳಿದ ಮೇಲೆ ಮನೆಯೊಳಗೆ ಯಾವಾಗ ಹೋಗಬಹುದು?

ಮೊದಲು ಹೊರಗಿನಿಂದ ಸುತ್ತು ಹಾಕಿ ತಳಪಾಯ ನೋಡಿ. ಅಡಿಯಲ್ಲಿ ಪೊಳ್ಳು ಕಂಡರೆ, ದಂಡೆಗೆ ಸಮಾನಾಂತರವಾಗಿ ನೆಲದಲ್ಲಿ ಬಿರುಕಿದ್ದರೆ, ಬಾಗಿಲ ಚೌಕಟ್ಟು ಓರೆಯಾಗಿದ್ದರೆ ಒಳಗೆ ಹೋಗಬೇಡಿ. ದಂಡೆ ಕುಸಿಯುವುದು ಎಷ್ಟೋ ಸಲ ನೀರು ಇಳಿದ ಮೇಲೆ. ನೆನೆದ ಮಣ್ಣಿಗೆ ಒತ್ತಾಸೆಯಾಗಿದ್ದ ನೀರು ಹೋದಾಗ ಅದು ಜಾರುತ್ತದೆ. ವಿದ್ಯುತ್ತನ್ನು ಕಂಬದಲ್ಲೇ ಕಡಿತ ಮಾಡಿಸಿ, ಗ್ಯಾಸ್ ಸಿಲಿಂಡರ್ ನೋಡಿಕೊಳ್ಳಿ.

ನೆಲಮಾಳಿಗೆಯಲ್ಲಿ ನೀರು ನಿಂತಿದ್ದರೆ ಪಂಪು ಹಚ್ಚಿ ಒಂದೇ ದಿನದಲ್ಲಿ ಖಾಲಿ ಮಾಡಬೇಡಿ. ಒಂದು ಮೀಟರ್ ಆಳದ ನೀರು ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು ಅರ್ಧ ಟನ್ ಬಲ ಹಾಕುತ್ತದೆ, ಎರಡು ಮೀಟರ್ ಆದರೆ ಎರಡು ಟನ್. ಹೊರಗೆ ನೆನೆದ ಮಣ್ಣು, ಒಳಗೆ ಖಾಲಿ ಎಂದಾದರೆ ಗೋಡೆ ಒಳಕ್ಕೆ ಬೀಳುತ್ತದೆ. ದಿನಕ್ಕೆ ಸ್ವಲ್ಪಸ್ವಲ್ಪವಾಗಿ ಇಳಿಸಿ. ಕೆಸರನ್ನು ಮಾತ್ರ ಗಟ್ಟಿಯಾಗುವ ಮೊದಲೇ ತೆಗೆಯಿರಿ. ಗೋಡೆ ಪೂರ್ತಿ ಒಣಗುವವರೆಗೆ ಗಾರೆ, ಬಣ್ಣ ಬೇಡ. ಅದಕ್ಕೆ ತಿಂಗಳುಗಳೇ ಬೇಕು. ಬಾವಿಯನ್ನು ಶುದ್ಧಿ ಮಾಡಿಸದೆ ನೀರು ಕುಡಿಯಬೇಡಿ.

ವಿಮೆ, ಸರ್ಕಾರದ ಪರಿಹಾರ ಎಷ್ಟು ಸಿಗುತ್ತದೆ?

2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಕೊಡಬೇಕು. ಪ್ರವಾಹ, ಭೂಕುಸಿತ, ಮನೆ ನಿಂತ ನೆಲ ಕುಸಿಯುವುದು ಮೂರೂ ಇದರಲ್ಲಿ ಸೇರಿವೆ. ಬೆಟ್ಟದವರಿಗೆ ಈ ಮೂರನೆಯದೇ ಮುಖ್ಯ, ಆದರೆ ನದಿಯ ಕೊರೆತದಿಂದ ಆದ ಕುಸಿತ ಅದರಲ್ಲಿ ಸೇರುವುದಿಲ್ಲ; ಪಾಲಿಸಿಯ ಷರತ್ತನ್ನು ಓದಿಕೊಳ್ಳಿ. ಮನೆ ಸಾಮಾನುಗಳಿಗೆ ಕಟ್ಟಡದ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ. ಆದರೆ ಇದು ವಾಸದ ಮನೆಗೆ. ಹೋಂಸ್ಟೇ ನಡೆಸುವವರು ಅದನ್ನು ಹೇಳಿಯೇ ಪಾಲಿಸಿ ಮಾಡಿಸಿ.

ಸರ್ಕಾರದ ವಿಪತ್ತು ಪರಿಹಾರದ 2022–26ರ ಮಾನದಂಡದಲ್ಲಿ ಪೂರ್ತಿ ಬಿದ್ದ ಮನೆಗೆ ಗುಡ್ಡಗಾಡಿನಲ್ಲಿ 1.30 ಲಕ್ಷ, ಬಯಲಿನಲ್ಲಿ 1.20 ಲಕ್ಷ ರೂಪಾಯಿ ಇತ್ತು. ರಾಜ್ಯಗಳು ಹೆಚ್ಚು ಕೊಡುವುದುಂಟು. 2019ರಲ್ಲಿ ಕರ್ನಾಟಕ 5 ಲಕ್ಷ ಘೋಷಿಸಿತ್ತು. ಸ್ವಚ್ಛ ಮಾಡುವ ಮೊದಲೇ ಎಲ್ಲ ಕಡೆಯಿಂದ ಫೋಟೋ ತೆಗೆದು, ಗ್ರಾಮ ಆಡಳಿತಾಧಿಕಾರಿ ಬಂದಾಗ ಮಹಜರಿನಲ್ಲಿ ಏನು ಬರೆದಿದ್ದಾರೆಂದು ಓದಿಯೇ ಸಹಿ ಹಾಕಿ. ‘ಭಾಗಶಃ’ ಎಂಬ ಒಂದು ಪದ ಪರಿಹಾರವನ್ನು ಎಷ್ಟೋ ಪಾಲು ಇಳಿಸುತ್ತದೆ.

ಅದೇ ಜಾಗದಲ್ಲಿ ಮತ್ತೆ ಕಟ್ಟಬಹುದೇ?

ನೀರು ನಿಂತು ಹೋದ ಜಾಗವಾದರೆ, ಎತ್ತರಿಸಿ ಕಟ್ಟಬಹುದು. ನದಿ ನೆಲವನ್ನೇ ಒಯ್ದಿದ್ದರೆ ಅಥವಾ ಹೊಸ ಹೂಳು ತುಂಬಿ ಸಪಾಟು ಮಾಡಿದ್ದರೆ, ಬೇಡ. ಆ ಹೂಳು ಕೂರಲು, ಗಟ್ಟಿಯಾಗಲು ವರ್ಷಗಳು ಬೇಕು, ಮತ್ತು ಹೊಳೆ ಈಗ ಆ ದಾರಿ ಕಂಡುಕೊಂಡಿದೆ. ಕೊಡಗಿನಲ್ಲಿ 2018ರ ನಂತರ ಜಂಬೂರು, ಮದೆನಾಡು, ಕರ್ಣಂಗೇರಿಗಳಲ್ಲಿ ಸಂತ್ರಸ್ತರಿಗೆ ಹೊಸ ಮನೆಗಳನ್ನು ಕಟ್ಟಿಕೊಟ್ಟರು. ತೋಟ ಒಂದು ಕಡೆ, ಮನೆ ಇನ್ನೊಂದು ಕಡೆ ಆಗುವುದರ ಕಷ್ಟ ಸಣ್ಣದಲ್ಲ. ಆದರೂ ಹಗಲು ಹೊಳೆಯ ಬಳಿ ದುಡಿದು ರಾತ್ರಿ ಎತ್ತರದಲ್ಲಿ ಮಲಗುವುದು ಮುಖ್ಬಾದಂಥ ಊರುಗಳು ತಲೆಮಾರುಗಳಿಂದ ಮಾಡಿಕೊಂಡು ಬಂದ ಕ್ರಮ. ಹಳೆಯ ಜಾಗವನ್ನು ಮಾರಬೇಕಿಲ್ಲ. ಗದ್ದೆಯಾಗಿ, ಹುಲ್ಲುಗಾವಲಾಗಿ ಇಟ್ಟುಕೊಳ್ಳಿ.